ತಿರುಗುವುದು ಬೇರೆ, ಹೊತ್ತಿಕೊಳ್ಳುವುದು ಬೇರೆ

ವೇದಸಂದೂರಿನ ಸುತ್ತಲಿನ ಹಳ್ಳಿಗಳಲ್ಲಿ ಇಂದಿಗೂ ಕೆಲವು ಮನೆಗಳ ಮುಂದೆ ಹಳೆಯ ಅಂಬಾಸಿಡರ್ ಕಾರೊಂದು ನಿಂತಿರುವುದನ್ನು ಕಾಣಬಹುದು. ಕೆಲವೆಡೆ ಪ್ರೀಮಿಯರ್ ಪದ್ಮಿನಿ, ಮತ್ತೆ ಕೆಲವೆಡೆ ಮೊದಮೊದಲ ಮಾರುತಿ 800. ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಪದ್ಮಿನಿಯ ತಯಾರಿಕೆ ಅದಕ್ಕೂ ಬಹಳ ಮುಂಚೆಯೇ ನಿಂತಿತು. ಆದರೂ ಮನೆಯವರು ಅವುಗಳನ್ನು ಬಿಟ್ಟುಕೊಟ್ಟಿಲ್ಲ. ಮದುವೆಯ ದಿಬ್ಬಣಕ್ಕೆ, ಪಳನಿಯ ದರ್ಶನಕ್ಕೆ, ಅಪರಾತ್ರಿಯಲ್ಲಿ ಕಾಯಿಲೆಯವರನ್ನು ದಿಂಡಿಗಲ್ಲಿಗೆ ಕರೆದೊಯ್ಯುವುದಕ್ಕೆ ಅವೇ ಆಧಾರ.

ಅಂತಹ ಗಾಡಿ ಒಂದು ಬೆಳಿಗ್ಗೆ ಮುನಿಸಿಕೊಳ್ಳುತ್ತದೆ. ಕೀಲಿ ತಿರುಗಿಸಿದರೆ ಸ್ಟಾರ್ಟರ್ ತಿರುಗುತ್ತದೆ. ಅದರೊಡನೆ ಇಂಜಿನ್ನೂ ತಿರುಗುತ್ತದೆ. ಆದರೆ ಹೊತ್ತಿಕೊಂಡು ಓಡುವುದಿಲ್ಲ. ಆಗ ಮನೆಯಲ್ಲಿ ನಡೆಯುವುದೇನು? ಬ್ಯಾಟರಿ ಸೋತು ಸುಮ್ಮನಾಗುವವರೆಗೂ ಕೀಲಿಯನ್ನು ತಿರುಗಿಸುತ್ತಾರೆ. ಬಳಿಕ ನಾಲ್ಕು ಜನ ಸೇರಿ ತಳ್ಳುತ್ತಾರೆ. ಬಳಿಕ ಬಂದ ಒಬ್ಬೊಬ್ಬರೂ ತಮಗೆ ತೋಚಿದ ಒಂದೊಂದು ಬಿಡಿಭಾಗವನ್ನು ಬದಲಿಸುತ್ತಾರೆ. ಕಟ್ಟಕಡೆಗೆ ಗುಜರಿಯವನು ತಕ್ಕಡಿ ಹಿಡಿದು ಬರುತ್ತಾನೆ. ಹೀಗೆ ತೂಕಕ್ಕೆ ಹೋದ ಗಾಡಿಗಳಲ್ಲಿ ಎಷ್ಟೋ ಗಾಡಿಗಳ ದೋಷ ಒಂದು ತಂತಿಯಷ್ಟು, ಒಂದು ಚಿಟಿಕೆ ಕೊಳೆಯಷ್ಟು ಮಾತ್ರವಾಗಿರುತ್ತದೆ. ಆದಕಾರಣ ಈ ತಿಂಗಳು ಈ ವಿಷಯವನ್ನು ಕ್ರಮವಾಗಿ ವಿಚಾರಿಸೋಣ.

ಪ್ರಥಮತಃ ಒಂದು ಮಾತು ಮನಸ್ಸಿನಲ್ಲಿರಲಿ: ತಿರುಗುವುದು ಬೇರೆ, ಹೊತ್ತಿಕೊಳ್ಳುವುದು ಬೇರೆ. ಕಾರುಗಳ ಆದಿಕಾಲದಲ್ಲಿ ಇಂಜಿನ್ನನ್ನು ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಬೇಕಾಗಿತ್ತು. ಅದು ಹಿಂದಕ್ಕೆ ಒದ್ದು ಕೈ ಮುರಿದುಕೊಂಡವರೂ ಉಂಟು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬಾತ 1910ರ ಕ್ಯಾಡಿಲಾಕ್ ಕಾರುಗಳಿಗೆ ಬ್ಯಾಟರಿಯಿಂದ ಕಿಡಿ ಹುಟ್ಟಿಸುವ ಏರ್ಪಾಡನ್ನೂ, 1912ರ ಕಾರುಗಳಿಗೆ ವಿದ್ಯುತ್ತಿನಿಂದ ತಿರುಗುವ ಸ್ಟಾರ್ಟರನ್ನೂ ಮಾಡಿಕೊಟ್ಟನು. ಇಂಜಿನಿಯರನಾಗುವ ಮೊದಲು ಆತ ಹಳ್ಳಿಯ ಶಾಲೆಗಳಲ್ಲಿ ಉಪಾಧ್ಯಾಯನಾಗಿದ್ದನೆಂಬುದು ನಮ್ಮಂಥವರಿಗೆ ಸಂತೋಷದ ಸಂಗತಿ. ಒಬ್ಬನೇ ಕೊಟ್ಟರೂ ಇವು ಎರಡು ಪ್ರತ್ಯೇಕ ಏರ್ಪಾಡುಗಳು. ಸ್ಟಾರ್ಟರ್ ಚೆನ್ನಾಗಿ ತಿರುಗುತ್ತಿದೆಯೆಂದರೆ ಬ್ಯಾಟರಿಯೂ ಸ್ಟಾರ್ಟರೂ ತಮ್ಮ ಕರ್ತವ್ಯವನ್ನು ಮುಗಿಸಿವೆ ಎಂದರ್ಥ. ಅವನ್ನು ಇನ್ನು ಬೈಯಬೇಕಾಗಿಲ್ಲ, ಬದಲಿಸಬೇಕಾಗಿಯೂ ಇಲ್ಲ.

ಬೆಂಕಿ ಉರಿಯಲು ಉರುವಲು, ಗಾಳಿ, ಕಾವು ಈ ಮೂರೂ ಬೇಕೆಂದು ಮಕ್ಕಳಿಗೆ ಪಾಠ ಹೇಳುತ್ತೇವೆ. ಇಂಜಿನ್ನಿನೊಳಗಿನ ಬೆಂಕಿಗೂ ಇದೇ ನಿಯಮ. ಪೆಟ್ರೋಲು ಉರುವಲು, ಪ್ಲಗ್ಗಿನ ಕಿಡಿಯೇ ಕಾವು. ಇದರ ಮೇಲೆ ಇನ್ನೆರಡು ಬೇಕು: ಪೆಟ್ರೋಲು ಬೆರೆತ ಗಾಳಿಯನ್ನು ಪಿಸ್ಟನ್ ಬಿಗಿಯಾಗಿ ಒತ್ತಬೇಕು, ಕಿಡಿ ಸರಿಯಾದ ಗಳಿಗೆಯಲ್ಲಿ ಹಾರಬೇಕು. ಓಡದ ಗಾಡಿಯಲ್ಲಿ ಇವುಗಳಲ್ಲೊಂದು ತಪ್ಪಿರಲೇಬೇಕು. ಯಾವುದು ತಪ್ಪಿದೆಯೆಂದು ಒಂದೊಂದನ್ನೇ ಕೇಳಿ ತಿಳಿಯುವುದೇ ಪರೀಕ್ಷೆ.

ಬಾನೆಟ್ಟು ತೆರೆಯುವ ಮೊದಲು ಕಿವಿಯಿಂದ ಪರೀಕ್ಷಿಸಿರಿ. ಇಂಜಿನ್ ನಿಧಾನವಾಗಿ, ಭಾರ ಹೊತ್ತವನಂತೆ ತಿರುಗಿದರೆ ಬ್ಯಾಟರಿ ಬಲಗುಂದಿದೆ. ಆಗ ಕಿಡಿಯೂ ದುರ್ಬಲವಾಗುವುದರಿಂದ ಮೊದಲು ಬ್ಯಾಟರಿಯನ್ನು ಚಾರ್ಜು ಮಾಡಿಸುವುದೇ ಸರಿ. ಎಂದಿನ ಲಯದಲ್ಲಿ ತಿರುಗಿದರೆ ಮುಂದಿನ ಪರೀಕ್ಷೆಗೆ ಹೋಗಬಹುದು. ಲಯವೇ ಇಲ್ಲದೆ, ಏನೂ ಅಡ್ಡಿಯಿಲ್ಲದಂತೆ ಹಗುರವಾಗಿ ಗಿರ್ರನೆ ತಿರುಗಿದರೆ ಒಳಗಿನ ಒತ್ತಡ ಹೋಗಿದೆ. ವಾಲ್ವುಗಳನ್ನು ನಡೆಸುವ ಚೈನು, ಅಥವಾ ಮಾರುತಿಯಂತಹ ಗಾಡಿಯಲ್ಲಿ ಬೆಲ್ಟು, ಕಡಿದಿರಬಹುದು. ಆಗ ಮತ್ತೆ ತಿರುಗಿಸದೆ ಅನುಭವಿಯನ್ನೇ ಕರೆಸಬೇಕು. ಯಾವ ಸಂದರ್ಭದಲ್ಲೂ ಒಂದೇ ಸಮನೆ 10 ಸೆಕೆಂಡಿಗಿಂತ ಹೆಚ್ಚು ತಿರುಗಿಸಬಾರದು. ನಡುವೆ ಒಂದು ನಿಮಿಷ ಬಿಡುವು ಕೊಡಬೇಕು.

ಟ್ಯಾಂಕಿನಲ್ಲಿ ಪೆಟ್ರೋಲು ಇದೆಯೇ ಎಂಬುದು ನಗು ತರಿಸುವ ಪ್ರಶ್ನೆಯೆನಿಸಬಹುದು. ಆದರೆ ಹಳೆಯ ಗಾಡಿಯ ಮುಳ್ಳು ಸುಳ್ಳು ಹೇಳುವುದು ಸಾಮಾನ್ಯ. ಸಾಧ್ಯವಾದರೆ ಒಣಗಿದ ಶುಭ್ರವಾದ ಕಡ್ಡಿಯೊಂದನ್ನು ಇಳಿಸಿ ನೋಡಿರಿ.

ಇನ್ನು ಕಿಡಿಯ ಪರೀಕ್ಷೆ. ಮೊದಲು ಗೇರು ನ್ಯೂಟ್ರಲ್ಲಿನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ, ಹತ್ತಿರದಲ್ಲಿ ಯಾರೂ ಬೀಡಿ ಹಚ್ಚದಿರಲಿ. ಪೆಟ್ರೋಲಿನ ವಾಸನೆ ಬರುತ್ತಿದ್ದರೆ ಈ ಪರೀಕ್ಷೆಯನ್ನು ಮಾಡಲೇಕೂಡದು. ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿನ ನಡುಮಧ್ಯಕ್ಕೆ ಬರುವ ದಪ್ಪ ತಂತಿಯನ್ನು ಕಳಚಿ, ಅದರ ತುದಿಯನ್ನು ಇಂಜಿನ್ನಿನ ಶುಭ್ರವಾದ ಲೋಹದಿಂದ 5 ಮಿ.ಮೀ. ದೂರದಲ್ಲಿ ನಿಲ್ಲಿಸಬೇಕು. ಬರಿಗೈಯಲ್ಲಿ ಹಿಡಿಯಬಾರದು, ಸಾವಿರಾರು ವೋಲ್ಟುಗಳ ಹೊಡೆತ ಬೀಳುತ್ತದೆ. ಒಣಮರದ ಚಿಮಟದಲ್ಲಿ ಹಿಡಿಯಬೇಕು. ಇನ್ನೊಬ್ಬರು ಕೀಲಿ ತಿರುಗಿಸಲಿ. ಚಟಚಟನೆ ನೀಲಿ ಕಿಡಿ ಹಾರಿದರೆ ಕಾಯಿಲೂ ಪಾಯಿಂಟೂ ಸರಿಯಾಗಿವೆ. ಕೆಂಪಾಗಿ ಸಣ್ಣಗೆ ಹಾರಿದರೆ ಅಥವಾ ಹಾರದೆಯೇ ಇದ್ದರೆ ದೋಷ ಅಲ್ಲಿಯೇ ಇದೆ.

ಕಿಡಿ ಇಲ್ಲವಾದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ತೆಗೆಯಿರಿ. ಒಳಗೆ ಎರಡು ಚಿಕ್ಕ ಲೋಹದ ಗುಂಡಿಗಳು ಕೂಡಿ ಅಗಲುವ ಪಾಯಿಂಟುಗಳಿವೆ. ಇಂಜಿನ್ ತಿರುಗಿದಾಗ ಅವು ತೆರೆದು ಮುಚ್ಚಬೇಕು. ಪೂರ್ತಿ ತೆರೆದಾಗ ಅಂತರ ಅಂಬಾಸಿಡರಿನಲ್ಲಿ ಸುಮಾರು 0.4 ಮಿ.ಮೀ. ಇರಬೇಕು. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಅವುಗಳ ಮುಖದ ಮೇಲೆ ಕಿಲುಬಿನ ಪೊರೆ ಕಟ್ಟಿ ವಿದ್ಯುತ್ತು ಹರಿಯದಂತಾಗುತ್ತದೆ. ಮುಚ್ಚಿದ ಪಾಯಿಂಟುಗಳನ್ನು ಕೀಲಿ ಹಾಕಿದ ಸ್ಥಿತಿಯಲ್ಲಿ ಮರದ ಕಡ್ಡಿಯಿಂದ ಬಿಡಿಸಿದಾಗ ಅವುಗಳ ನಡುವೆ ದೊಡ್ಡ ಹಳದಿ ಉರಿ ಕಂಡರೆ ಕಂಡೆನ್ಸರ್ ಕೆಟ್ಟಿದೆ. ಏನೂ ಕಾಣದಿದ್ದರೆ ಪಾಯಿಂಟುಗಳ ಕೊಳೆ, ತುಂಡಾದ ತಂತಿ, ಕಾಯಿಲು ಎಂಬ ಈ ಕ್ರಮದಲ್ಲಿ ನೋಡುತ್ತ ಹೋಗಬೇಕು. ಕಾಯಿಲಿನಿಂದ ಕಿಡಿ ಚೆನ್ನಾಗಿ ಬಂದು ಪ್ಲಗ್ಗಿನಲ್ಲಿ ಮಾತ್ರ ಬಾರದಿದ್ದರೆ ರೋಟರ್ ಅಥವಾ ಮುಚ್ಚಳ ಬಿರುಕು ಬಿಟ್ಟಿದೆ, ಇಲ್ಲವೇ ತೇವಗೊಂಡಿದೆ. ನಮ್ಮ ಸೀಮೆಗೆ ಮಳೆ ಹೆಚ್ಚಾಗಿ ಬರುವುದು ಐಪ್ಪಸಿ, ಕಾರ್ತಿಕ ಮಾಸಗಳಲ್ಲಿ. ಆ ದಿನಗಳ ಮುಂಜಾನೆ ಮುಚ್ಚಳದ ಒಳಭಾಗವನ್ನು ಒಣಬಟ್ಟೆಯಿಂದ ಒರೆಸಿದರೆ ಸಾಕು, ಅರ್ಧದಷ್ಟು ಗಾಡಿಗಳು ಹೊರಟುಬಿಡುತ್ತವೆ.

ಇಲ್ಲಿ ಒಂದು ನಿದರ್ಶನವನ್ನು ಹೇಳುವುದು ಅನುಚಿತವಾಗಲಾರದು. ವಡಮದುರೈ ಕಡೆಯ ಹಿರಿಯರೊಬ್ಬರು ಮಳೆಗಾಲದಲ್ಲಿ ಎರಡು ತಿಂಗಳು ತಿರುಪ್ಪೂರಿನಲ್ಲಿ ಮಗನ ಮನೆಯಲ್ಲಿದ್ದು ಊರಿಗೆ ಹಿಂದಿರುಗಿದರು. ಅವರ ಅಂಬಾಸಿಡರ್ ತಿರುಗಿತು, ಓಡಲಿಲ್ಲ. ಪೇಟೆಯ ಒಂದು ವರ್ಕ್‌ಷಾಪಿನವರು ಬ್ಯಾಟರಿಯನ್ನು ಬದಲಿಸಿದರು, ಪ್ಲಗ್ಗುಗಳನ್ನು ಬದಲಿಸಿದರು, ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆದರು. ಬಿಲ್ಲು ಬೆಳೆಯಿತು, ಗಾಡಿ ಅಲ್ಲಾಡಲಿಲ್ಲ. ಅವರ ಪತ್ನಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಮಧುರೆಗೆ ತೋರಿಸಲು ಹೋಗುವ ದಿನ ಸಮೀಪಿಸುತ್ತಿತ್ತು. "ಗುಜರಿಗೆ ಕೊಟ್ಟುಬಿಡಿ ಅಪ್ಪಾ, ಇನ್ನೆಷ್ಟು ದುಡ್ಡು ಸುರಿಯುತ್ತೀರಿ?" ಎಂದು ಮಗ ಫೋನಿನಲ್ಲಿ ಹೇಳಿಯೂ ಆಯಿತು. ಆಗ ಐ.ಟಿ.ಐ.ಯಲ್ಲಿ ಓದುತ್ತಿದ್ದ ಮೊಮ್ಮಗ ರಜೆಗೆ ಬಂದಿದ್ದನು. "ತಾತ, ಏನನ್ನೂ ಬದಲಿಸುವುದು ಬೇಡ, ಮೊದಲು ನೋಡೋಣ" ಎಂದು ಹೇಳಿ, ಮೇಲೆ ಬರೆದ ಕ್ರಮದಲ್ಲಿಯೇ ನೋಡಿದನು. ಕಾಯಿಲಿನ ತಂತಿಯಲ್ಲಿ ಕಿಡಿ ಇರಲಿಲ್ಲ. ಪಾಯಿಂಟುಗಳ ಮೇಲೆ ಬೂದಿಬಣ್ಣದ ಪೊರೆಯಿತ್ತು. ಕೀಲಿ ತೆಗೆದು, ನಯವಾದ ಎಮರಿ ಕಾಗದದ ಒಂದು ಬೆರಳಗಲದ ಚೂರಿನಿಂದ ಉಜ್ಜಿ ಒರೆಸಿದನು. ಎರಡನೆಯ ಸುತ್ತಿಗೆ ಇಂಜಿನ್ ಹೊತ್ತಿಕೊಂಡಿತು. ಆ ಹುಡುಗನಲ್ಲಿ ಇದ್ದದ್ದು ದೊಡ್ಡ ವಿದ್ಯೆಯಲ್ಲ, ಕ್ರಮ. ವರ್ಕ್‌ಷಾಪಿನಲ್ಲಿ ಇಲ್ಲದೆ ಹೋದದ್ದೂ ಅದೇ.

ಕಿಡಿ ಸರಿಯಿದ್ದರೆ ಪೆಟ್ರೋಲಿನ ಕಡೆಗೆ ತಿರುಗಬೇಕು. ಕೆಲವು ಸಲ ಸ್ಟಾರ್ಟು ಮಾಡಲು ಯತ್ನಿಸಿದ ಮೇಲೆ ಪ್ಲಗ್ಗನ್ನು ಬಿಚ್ಚಿ ನೋಡಿರಿ. ಅದು ಒಣಗಿದ್ದರೆ ಪೆಟ್ರೋಲು ಒಳಕ್ಕೆ ತಲಪುತ್ತಿಲ್ಲ. ಒದ್ದೆಯಾಗಿದ್ದರೆ ಅತಿಯಾಗಿ ತುಂಬಿದೆ. ಪ್ಲಗ್ಗುಗಳನ್ನು ಒರೆಸಿ ಹಾಕಿ, ಚೋಕ್ ಒಳಕ್ಕೆ ತಳ್ಳಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ತಿರುಗಿಸಿದರೆ ಗಾಳಿ ಹೆಚ್ಚಾಗಿ ನುಗ್ಗಿ ಹೊತ್ತಿಕೊಳ್ಳುತ್ತದೆ. ಒಣಗಿದ್ದ ಪಕ್ಷದಲ್ಲಿ, ಇಂಜಿನ್ ತಣ್ಣಗಿರುವಾಗ ಕಾರ್ಬ್ಯುರೇಟರಿಗೆ ಬರುವ ಪೈಪನ್ನು ಬಿಚ್ಚಿ ಸೀಸೆಯೊಂದಕ್ಕೆ ಬಿಡಿರಿ. ಕಾಯಿಲಿಗೆ ವಿದ್ಯುತ್ತು ತರುವ ಸಣ್ಣ ತಂತಿಯನ್ನು ಕಳಚಿ, ಕಿಡಿ ಹಾರದಂತೆ ಮಾಡಿಕೊಂಡ ಮೇಲೆಯೇ ಇಂಜಿನ್ನನ್ನು ತಿರುಗಿಸಬೇಕು. ಪೆಟ್ರೋಲು ಚಿಮ್ಮಿ ಚಿಮ್ಮಿ ಬಂದರೆ ಪಂಪು ಸರಿ. ಕಾರ್ಬ್ಯುರೇಟರಿನ ಸೂಜಿ ಅಂಟಿರಬಹುದು, ಜೆಟ್ಟು ಕಟ್ಟಿರಬಹುದು. ಬಾರದಿದ್ದರೆ ಫಿಲ್ಟರ್ ಕಟ್ಟಿದೆಯೇ, ಪೈಪು ಸೀಳಿ ಗಾಳಿ ಎಳೆಯುತ್ತಿದೆಯೇ, ಪಂಪಿನ ಡಯಾಫ್ರಾಮ್ ಹರಿದಿದೆಯೇ ಎಂದು ಕ್ರಮವಾಗಿ ನೋಡಬೇಕು. ಟ್ಯಾಂಕಿನ ಮುಚ್ಚಳವನ್ನು ತೆಗೆದ ಕೂಡಲೆ ಪೆಟ್ರೋಲು ಬರತೊಡಗಿದರೆ ಗಾಳಿಯ ರಂಧ್ರ ಮುಚ್ಚಿಹೋಗಿದೆ ಎಂದು ತಿಳಿಯತಕ್ಕದ್ದು.

ಬೇಸಗೆಯಲ್ಲಿ ಕಂಬಂ ಕಣಿವೆಯಿಂದ ಕುಮುಳಿಯ ಘಟ್ಟ ಹತ್ತುವವರಿಗೆ ಇನ್ನೊಂದು ತೊಂದರೆ ಪರಿಚಿತ. ಕಾದ ಇಂಜಿನ್ನಿನ ಬಳಿಯ ಪೈಪಿನಲ್ಲಿ ಪೆಟ್ರೋಲು ಆವಿಯಾಗಿ, ಪಂಪು ಆವಿಯನ್ನೇ ಎಳೆಯುತ್ತ ಕೂರುತ್ತದೆ. ಅರ್ಧ ಗಂಟೆ ನೆರಳಿನಲ್ಲಿ ನಿಲ್ಲಿಸಿ, ಪಂಪಿಗೂ ಪೈಪಿಗೂ ಒದ್ದೆಬಟ್ಟೆ ಸುತ್ತಿದರೆ ಸರಿಹೋಗುತ್ತದೆ. ಇದಕ್ಕಾಗಿ ಯಾವ ಭಾಗವನ್ನೂ ಬದಲಿಸಬೇಕಾಗಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಹೊಸ ಕಾರಣವೊಂದು ಸೇರಿಕೊಂಡಿದೆ. 2025ರ ವೇಳೆಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೆ ಎಥನಾಲ್ ಬೆರೆಸುವುದು ರೂಢಿಗೆ ಬಂದಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ; ಹಿಂದಿನ ಕಾಲದ ರಬ್ಬರಿನ ಪೈಪು, ಡಯಾಫ್ರಾಮುಗಳನ್ನು ಮೆತ್ತಗಾಗಿಸುತ್ತದೆ; ಟ್ಯಾಂಕಿನ ತಳದ ಹಳೆಯ ಕೊಳೆಯನ್ನು ಕದಡಿ ಫಿಲ್ಟರಿಗೆ ತಳ್ಳುತ್ತದೆ. ಹಳೆಯ ಗಾಡಿಯುಳ್ಳವರು ಒಮ್ಮೆ ಇದಕ್ಕೆ ತಾಳುವ ಹೊಸ ರಬ್ಬರಿನ ಪೈಪುಗಳನ್ನು ಹಾಕಿಸುವುದು, ಗಾಡಿಯನ್ನು ಹದಿನೈದು ದಿನಕ್ಕೊಮ್ಮೆಯಾದರೂ ಓಡಿಸುವುದು ಲೇಸು.

ಕಿಡಿಯೂ ಪೆಟ್ರೋಲೂ ಇದ್ದು ಓಡದಿದ್ದರೆ ಉಳಿದದ್ದು ಗಳಿಗೆ ಮತ್ತು ಒತ್ತಡ. ಕಾರ್ಬ್ಯುರೇಟರಿನ ಕಡೆಗೆ ಸಿಡಿದ ಶಬ್ದ ಬಂದರೆ ಕಿಡಿಯ ಗಳಿಗೆ ತಪ್ಪಿರುವ ಸಂಭವ ಹೆಚ್ಚು. ಅಂಬಾಸಿಡರಿನಲ್ಲೂ ಪದ್ಮಿನಿಯಲ್ಲೂ ಕಿಡಿ ಹಾರುವ ಸರದಿ 1, 3, 4, 2. ರಿಪೇರಿಯಾದ ಮರುದಿನವೇ ಗಾಡಿ ಮುಷ್ಕರ ಹೂಡಿದರೆ ಪ್ಲಗ್ಗಿನ ತಂತಿಗಳು ಅದಲುಬದಲಾಗಿಲ್ಲವಷ್ಟೇ ಎಂದು ನೋಡಿರಿ. ಒತ್ತಡದ ಪರೀಕ್ಷೆಗೆ ಮೆಕ್ಯಾನಿಕ್ಕನ ಬಳಿ ಗೇಜ್ ಇರುತ್ತದೆ. ಅದನ್ನು ಅವನಿಗೇ ಬಿಡುವುದು ಒಳ್ಳೆಯದು.

ಇಲ್ಲಿ ಹೇಳಿದ್ದು ಕಾರ್ಬ್ಯುರೇಟರ್ ಮತ್ತು ಪಾಯಿಂಟುಗಳುಳ್ಳ ಪೆಟ್ರೋಲು ಗಾಡಿಗಳಿಗೆ ಮಾತ್ರ ಅನ್ವಯಿಸುತ್ತದೆ. ಡೀಸೆಲ್ ಇಂಜಿನ್ನಿಗೆ ಕಿಡಿಯೇ ಇಲ್ಲ. ಕಂಪ್ಯೂಟರ್ ನಡೆಸುವ ಹೊಸ ಗಾಡಿಗಳ ತಂತಿಗಳನ್ನು ಹೀಗೆ ಕಳಚಿ ನೋಡುವುದು ಹಾನಿಕರ.

ಕೊಯಮತ್ತೂರಿನ ಜಿ. ಡಿ. ನಾಯ್ಡು ಅವರು 1920ರಲ್ಲಿ ಒಂದೇ ಒಂದು ಬಸ್ಸನ್ನು ಪೊಳ್ಳಾಚಿ-ಪಳನಿಗಳ ನಡುವೆ ತಾವೇ ಓಡಿಸುತ್ತ ತಮ್ಮ ಸಾರಿಗೆ ಉದ್ಯಮವನ್ನು ಆರಂಭಿಸಿದರು. ಶಾಲೆಯ ಓದು ಅವರಿಗೆ ಹೆಚ್ಚಾಗಿರಲಿಲ್ಲ; ಯಂತ್ರವನ್ನು ಬಿಚ್ಚಿ, ನೋಡಿ, ಜೋಡಿಸಿ ಕಲಿತವರು. ಅಂತಹ ಕಲಿಕೆ ನಮ್ಮ ಮನೆಗಳ ಮುಂದೆಯೇ ನಿಂತಿದೆ. ಹಳೆಯ ಗಾಡಿಯಲ್ಲಿ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಮನೆಯ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಹಿರಿಯರ ಪಕ್ಕದಲ್ಲಿ ನಿಂತು ಇದನ್ನು ಒಮ್ಮೆ ನೋಡಲಿ. ಒಂದು ಸಲಕ್ಕೆ ಒಂದೇ ಪರೀಕ್ಷೆ. ಅಗ್ಗದ್ದು ಮೊದಲು, ದುಬಾರಿಯದು ಕೊನೆಗೆ. ಕಂಡದ್ದನ್ನು ಪುಸ್ತಕದಲ್ಲಿ ಬರೆದಿಡುವುದು. ಈ ಮೂರನ್ನು ಪಾಲಿಸುವ ಮನೆಯಲ್ಲಿ ಗುಜರಿಯವನ ತಕ್ಕಡಿಗೆ ಕೆಲಸ ಕಡಿಮೆ.

ಬರುವ ತಿಂಗಳು ಬಾವಿಯ ಪಂಪುಸೆಟ್ಟು ಮೋಟಾರು ಸುಟ್ಟುಹೋಗುವುದಕ್ಕೆ ಕಾರಣಗಳನ್ನು ಇದೇ ಕ್ರಮದಲ್ಲಿ ವಿಚಾರಿಸೋಣ.