ಬೆಳೆಯ ಆಯ್ಕೆಯೂ ಗಣಕದ ತಕ್ಕಡಿಯೂ

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಯಾವ ಹೊಲಕ್ಕೆ ಯಾವ ಬೆಳೆಯೆಂಬ ಪ್ರಶ್ನೆಯು ಒಂದೇ ಸಂಗತಿಯಿಂದ ಇತ್ಯರ್ಥವಾಗತಕ್ಕದ್ದಲ್ಲ. ಮಣ್ಣಿನ ಆಳ, ನೀರು, ಪೇಟೆಯ ಧಾರಣೆ, ದನಗಳ ಮೇವು, ಆಳುಗಳ ಅನುಕೂಲತೆ, ಸಾಲದ ಕಂತು ಇವೆಲ್ಲವನ್ನೂ ಏಕಕಾಲಕ್ಕೆ ತೂಗಿ ನೋಡಬೇಕಾಗುತ್ತದೆ. ಈ ಕೆಲಸಕ್ಕೆಂದು ಗಣಕಯಂತ್ರದಲ್ಲಿಯೂ ಮೊಬೈಲಿನಲ್ಲಿಯೂ ನಡೆಯುವ ತಂತ್ರಾಂಶಗಳು ಈಗ ಬಂದಿರುತ್ತವೆ. ಅವು ಒಂದೊಂದು ಬೆಳೆಗೂ ಅಂಕಗಳನ್ನು ಕೊಟ್ಟು, ಮೊದಲನೆಯದು ಇದು, ಎರಡನೆಯದು ಅದು ಎಂದು ಪಟ್ಟಿಯನ್ನು ಮುಂದಿಡುತ್ತವೆ. ಈ ಪಟ್ಟಿಯನ್ನು ಎಷ್ಟರ ಮಟ್ಟಿಗೆ ನಂಬತಕ್ಕದ್ದೆಂದು ಗ್ರಾಮದ ಹಿರಿಯರೂ ಜಮೀನುದಾರರೂ ಕೇಳುತ್ತಲಿರುವುದರಿಂದ ನನ್ನ ಅಭಿಪ್ರಾಯವನ್ನು ಇಲ್ಲಿ ಅರಿಕೆ ಮಾಡುತ್ತೇನೆ.

ಲೆಕ್ಕದ ಬಗೆಯು ಕಠಿಣವಾದುದೇನೂ ಅಲ್ಲ. ಒಂದೊಂದು ಸಂಗತಿಗೆ ಇಷ್ಟು ಮಹತ್ವವೆಂದು ನೂರರಲ್ಲಿ ಪಾಲು ಹಾಕಿ, ಬೆಳೆಗೆ ಹತ್ತರಲ್ಲಿ ಅಂಕ ಕೊಟ್ಟು, ಗುಣಿಸಿ ಕೂಡಿಸುವುದು. ಒಂದು ಹೊಲದಲ್ಲಿ ಲಿಂಬೆಗೆ ಧಾರಣೆಯಲ್ಲಿ 9, ನೀರಿನ ಭರವಸೆಯಲ್ಲಿ 2, ಮೇವಿನಲ್ಲಿ 0 ಎಂದೂ, ಹಿಂಗಾರಿ ಜೋಳಕ್ಕೆ ಅದೇ ಕ್ರಮದಲ್ಲಿ 4, 9, 9 ಎಂದೂ ಇಟ್ಟುಕೊಳ್ಳಿರಿ. ಧಾರಣೆಗೆ 70, ನೀರಿಗೆ 20, ಮೇವಿಗೆ 10 ಪಾಲು ಹಾಕಿದರೆ ಲಿಂಬೆಗೆ 670, ಜೋಳಕ್ಕೆ 550 ಬರುವುದು. ಅದೇ ಪಾಲುಗಳನ್ನು 40, 30, 30 ಎಂದು ಹಾಕಿದರೆ ಲಿಂಬೆಗೆ 420, ಜೋಳಕ್ಕೆ 700. ಮಣ್ಣು ಬದಲಾಗಲಿಲ್ಲ, ಮಳೆ ಬದಲಾಗಲಿಲ್ಲ. ತೀರ್ಪು ಮಾತ್ರ ತಿರುವುಮುರುವಾಯಿತು. ಹಾಗಾದರೆ ಈ ಪಾಲುಗಳನ್ನು ಹಾಕತಕ್ಕವರು ಯಾರು? ತಂತ್ರಾಂಶವನ್ನು ರಚಿಸಿದವರೇ ಮೊದಲು ಹಾಕಿಟ್ಟಿದ್ದರೆ, ನಾಲ್ಕು ಎತ್ತು ಕಟ್ಟಿದವನ ಕಣಿಕೆಯ ಚಿಂತೆಯು ಅವರಿಗೆ ತಿಳಿಯುವ ಬಗೆ ಹೇಗೆ?

ಇದಕ್ಕೂ ದೊಡ್ಡದಾದ ದೋಷವೊಂದು ಈ ಕೂಡಿಸುವ ಪದ್ಧತಿಯಲ್ಲಿಯೇ ಅಡಗಿರುತ್ತದೆ. ಧಾರಣೆಯ ಹೆಚ್ಚಿನ ಅಂಕವು ನೀರಿನ ಕೊರತೆಯನ್ನು ಕಾಗದದ ಮೇಲೆ ಮುಚ್ಚಿಬಿಡುತ್ತದೆ. ಹೊಲದಲ್ಲಿ ಅದು ಸಾಧ್ಯವಿಲ್ಲ. ಇಂಡಿಯ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿರುವುದು ನಮಗೆಲ್ಲ ಹೆಮ್ಮೆಯ ಸಂಗತಿಯೇ ಸರಿ. ಆದರೆ ಗಿಡ ನೆಟ್ಟ ಮೇಲೆ ಫಲಕ್ಕೆ ನಾಲ್ಕೈದು ವರ್ಷ ಕಾಯಬೇಕು, ಅಷ್ಟು ಬೇಸಿಗೆಗಳಲ್ಲಿಯೂ ಕೊಳವೆ ಬಾವಿಯು ನೀರು ಕೊಡಬೇಕು. ಬರಗಾಲದಲ್ಲಿ ಟ್ಯಾಂಕರಿನ ನೀರು ಕೊಂಡು ತೋಟ ಉಳಿಸಿಕೊಂಡವರು ನಮ್ಮಲ್ಲಿ ಉಂಟು. ಅವರ ಖರ್ಚನ್ನು ಕೇಳಿದರೆ 670ರ ಬೆಲೆ ತಿಳಿಯುವುದು. ಆದಕಾರಣ ಮೊದಲು ಸಾಣಿಗೆ, ಆಮೇಲೆ ತಕ್ಕಡಿ ಎಂಬುದು ನನ್ನ ಸಲಹೆ. ಬೇಸಿಗೆಯ ನೀರು, ಮಣ್ಣಿನ ಆಳ, ಮನೆಯ ಕಾಳು, ಮೇವು ಇವುಗಳಲ್ಲಿ ಯಾವುದೊಂದರಲ್ಲಿಯೂ ನಿಲ್ಲಲಾರದ ಬೆಳೆಯನ್ನು ಮೊದಲೇ ತೆಗೆದುಹಾಕಿ, ಉಳಿದವುಗಳನ್ನು ಮಾತ್ರ ತೂಗಬೇಕು.

ತೂಗುವಾಗ ಹಾಕುವ ಅಂಕಗಳೂ ಎಲ್ಲಿಂದ ಬಂದವೆಂದು ವಿಚಾರಿಸತಕ್ಕದ್ದು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯಲ್ಲಿ ಒಣ ಬೇಸಾಯದ ಭೂಮಿಗೆ 10 ಹೆಕ್ಟೇರಿಗೆ, ಅಂದರೆ ಸುಮಾರು 25 ಎಕರೆಗೆ, ಒಂದು ಮಾದರಿಯೆಂದೂ, ನೀರಾವರಿಗೆ 2.5 ಹೆಕ್ಟೇರಿಗೆ ಒಂದೆಂದೂ ಗೊತ್ತುಪಡಿಸಲಾಗಿತ್ತು. ನಮ್ಮ ಕಡೆಗೆ 25 ಎಕರೆಯೊಳಗೆ ಎರೆಯೂ ಉಂಟು, ಮರಡಿಯೂ ಉಂಟು. ಮೇಲಾಗಿ ಚೀಟಿಯಲ್ಲಿರುವ 12 ಅಂಶಗಳಲ್ಲಿ ಮಣ್ಣಿನ ಆಳವು ಇಲ್ಲ. ಮಣ್ಣಿನಲ್ಲಿ ನಿಂತ ಹಸಿಯ ಮೇಲೆಯೇ ಬೆಳೆಯುವ ಹಿಂಗಾರಿ ಜೋಳಕ್ಕೆ ಆಳವೇ ಜೀವಾಳ! ಡೋಣಿಯ ದಂಡೆಯವರೂ ಕಾಲುವೆಯ ಕೆಳಗಿನವರೂ ಅದೇ ಚೀಟಿಯಲ್ಲಿ ಲವಣಾಂಶದ ಸಾಲನ್ನು ತಪ್ಪದೆ ನೋಡಬೇಕು.

ಇಷ್ಟೆಲ್ಲ ಹೇಳಿದೆನೆಂದು ತಂತ್ರಾಂಶವು ನಿರುಪಯೋಗಿಯೆಂದು ಭಾವಿಸಬಾರದು. ಥಾಮಸ್ ಸಾಟಿಯೆಂಬ ವಿದ್ವಾಂಸರು 1970ರ ದಶಕದಲ್ಲಿ ರೂಪಿಸಿದ ವಿಧಾನದಲ್ಲಿ ಎರಡೆರಡೇ ಸಂಗತಿಗಳನ್ನು ಹೋಲಿಸಿ 1ರಿಂದ 9ರ ವರೆಗೆ ಮಹತ್ವ ಹೇಳುವುದುಂಟು. ಧಾರಣೆಗಿಂತ ನೀರು ಮುಖ್ಯ, ಮೇವಿಗಿಂತ ಧಾರಣೆ ಮುಖ್ಯ ಎಂದು ಹೇಳಿ, ಕೊನೆಗೆ ನೀರಿಗಿಂತ ಮೇವು ಮುಖ್ಯವೆಂದರೆ, ಆ ಲೆಕ್ಕವು ನಮ್ಮ ಮಾತಿನ ವಿಸಂಗತಿಯನ್ನು ಒಡನೆಯೇ ತೋರಿಸಿಕೊಡುತ್ತದೆ. ಅಣ್ಣತಮ್ಮಂದಿರು ಕೂಡಿ ಇರುವ ಮನೆಯಲ್ಲಿ ಯಾರ ಮನಸ್ಸಿನಲ್ಲಿ ಯಾವುದಕ್ಕೆ ಎಷ್ಟು ತೂಕವೆಂಬುದು ಹೀಗೆ ಬಯಲಿಗೆ ಬಂದರೆ ಅರ್ಧ ವಾದವು ತೀರಿದಂತೆಯೇ. ಪಾಲುಗಳನ್ನು ತುಸು ಹೆಚ್ಚು ಕಡಿಮೆ ಮಾಡಿ ಮತ್ತೆ ಮತ್ತೆ ಕೂಡಿಸುವ ಬೇಸರದ ಕೆಲಸವನ್ನೂ ಯಂತ್ರವು ಕ್ಷಣಾರ್ಧದಲ್ಲಿ ಮಾಡುವುದು. ಹಾಗೆ ಮಾಡಿದಾಗಲೂ ಮೊದಲನೆಯ ಬೆಳೆಯು ಮೊದಲನೆಯದಾಗಿಯೇ ಉಳಿದರೆ ಆ ಸಲಹೆಗೆ ಬೆಲೆ ಕೊಡಬಹುದು. ಸ್ವಲ್ಪದರಲ್ಲಿಯೇ ಸ್ಥಾನ ಬದಲಾದರೆ ಆ ಅಂತರವನ್ನು ಲೆಕ್ಕಕ್ಕೆ ಹಿಡಿಯಬಾರದು. ಪಾಲುಗಳನ್ನು ತೋರಿಸದ, ಬದಲಿಸಲು ಬಿಡದ ತಂತ್ರಾಂಶದ ಮಾತಿನ ಮೇಲೆ ಬಹುವರ್ಷದ ಬೆಳೆಯನ್ನು ನೆಡಬಾರದೆಂಬುದು ನನ್ನ ಖಚಿತವಾದ ಮತ.

ಹೊಸ ತೋಟ ಹಾಕಬೇಕೆಂದಿರುವವರು ಮಣ್ಣಿನ ಚೀಟಿಯನ್ನೂ, ಕಳೆದ ಮೂರು ಬೇಸಿಗೆಗಳಲ್ಲಿ ಕೊಳವೆ ಬಾವಿಯು ಎಷ್ಟು ತಾಸು ನೀರು ಕೊಟ್ಟಿತೆಂಬ ಟಿಪ್ಪಣಿಯನ್ನೂ, ಹೊಲದಲ್ಲಿ ಎರಡು ಮೂರು ಕಡೆಗೆ ಗುಂಡಿ ತೋಡಿ ಅಳೆದ ಮಣ್ಣಿನ ಆಳವನ್ನೂ ಬರೆದುಕೊಂಡು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ದಯಮಾಡಿಸಿದರೆ, ಪಾಲುಗಳನ್ನು ಅವರ ಬಾಯಿಂದಲೇ ಕೇಳಿ ಲೆಕ್ಕ ಹಾಕಬಹುದು.