ಹೇಳುವ ಹಕ್ಕು ಯಾರದು? 2016ರ ನನ್ನ ನಾಲ್ಕು ರಾಕ್ ಆಲ್ಬಮ್‌ಗಳು

ವರ್ಷದ ಕೊನೆಯಲ್ಲಿ ಸಂಗೀತಪ್ರಿಯರು ತಮ್ಮ ಮೆಚ್ಚಿನ ಆಲ್ಬಮ್‌ಗಳ ಪಟ್ಟಿ ಮಾಡುವುದು ವಾಡಿಕೆ. ಪ್ರತಿ ಡಿಸೆಂಬರಿನಲ್ಲಿ ಹೊಸ ಪಟ್ಟಿ ಬರುತ್ತದೆ, ಹಳೆಯದು ಮರೆತುಹೋಗುತ್ತದೆ. ನನ್ನ ಮಟ್ಟಿಗೆ ಮಾಸದೆ ಉಳಿದಿರುವುದು 2016ರ ಪಟ್ಟಿ. ಯೌವನದ ಹುಮ್ಮಸ್ಸಿಗೂ ಬಂಡಾಯಕ್ಕೂ ಹೆಸರಾದ ರಾಕ್ ಸಂಗೀತ ಆ ವರ್ಷ ಕಾಯಿಲೆಯನ್ನೂ ಸಾವನ್ನೂ ನೇರವಾಗಿ ನೋಡಿತು. ಆ ಆಲ್ಬಮ್‌ಗಳು ವೈದ್ಯನಾದ ನನಗೆ ಮನಗಾಣಿಸಿದ ಒಂದು ಸಂಗತಿಯನ್ನು ನಮ್ಮ ಸಂಘದ ಕುಟುಂಬಗಳ ಮುಂದಿಡಬಯಸುತ್ತೇನೆ.

ಮೊದಲನೆಯದು ಡೇವಿಡ್ ಬೋವಿಯವರ ‘ಬ್ಲ್ಯಾಕ್‌ಸ್ಟಾರ್’. ಜನವರಿ 8ರಂದು, ಅವರ 69ನೆಯ ಹುಟ್ಟುಹಬ್ಬದ ದಿನ, ಅದು ಬಿಡುಗಡೆಯಾಯಿತು. ಎರಡು ದಿನಗಳಲ್ಲಿ ಅವರು ತೀರಿಕೊಂಡರು. ಹದಿನೆಂಟು ತಿಂಗಳು ಅವರು ಕ್ಯಾನ್ಸರಿನೊಡನೆ ಬದುಕಿದ್ದ ವಿಷಯ ಹತ್ತಿರದ ಕೆಲವರ ಹೊರತು ಹೊರಲೋಕಕ್ಕೆ ತಿಳಿದಿರಲಿಲ್ಲ. ಸ್ಯಾಕ್ಸೋಫೋನ್ ವಾದಕ ಡಾನಿ ಮೆಕ್‌ಕ್ಯಾಸ್ಲಿನ್ ಅವರ ಜಾಝ್ ತಂಡವನ್ನು ಕೂಡಿಕೊಂಡು ಬೋವಿ ಏಳು ಹಾಡುಗಳನ್ನು ಕಟ್ಟಿದರು. ಕದ್ರಿ ಗೋಪಾಲನಾಥರಿಂದ ನಮಗೆ ಆಪ್ತವಾದ ಆ ವಾದ್ಯ ಇಲ್ಲಿ ತೀರ ಬೇರೆಯಾಗಿ, ಕಳವಳದ ದನಿಯಲ್ಲಿ ಕೇಳಿಸುತ್ತದೆ.

ಎರಡನೆಯದು ನಾವು ನೆಲೆಸಿರುವ ಕೆನಡಾದ್ದೇ: ಕಿಂಗ್‌ಸ್ಟನ್ ನಗರದ ‘ಟ್ರಾಜಿಕಲಿ ಹಿಪ್’ ತಂಡದ ‘ಮ್ಯಾನ್ ಮಷೀನ್ ಪೊಯಮ್’. ಅದು ಜೂನಿನಲ್ಲಿ ಹೊರಬರುವ ಕೆಲವು ವಾರಗಳ ಮೊದಲು, ಗಾಯಕ ಗಾರ್ಡ್ ಡೌನಿಯವರಿಗೆ ಗುಣವಾಗದ ಮೆದುಳಿನ ಕ್ಯಾನ್ಸರ್ ಇದೆ ಎಂಬುದನ್ನು ತಂಡ ಬಹಿರಂಗಪಡಿಸಿತು. ಬಳಿಕ ಅವರು ದೇಶದ ನಗರದಿಂದ ನಗರಕ್ಕೆ ಹೋಗಿ ಹಾಡಿದರು. ಆಗಸ್ಟ್ 20ರಂದು ಕಿಂಗ್‌ಸ್ಟನ್ನಿನಲ್ಲಿ ನಡೆದ ಕೊನೆಯ ಕಛೇರಿಯ ನೇರ ಪ್ರಸಾರವನ್ನು ಒಂದು ಕೋಟಿಗೂ ಹೆಚ್ಚು ಜನ ನೋಡಿದರು. ಮರುವರ್ಷದ ಅಕ್ಟೋಬರಿನಲ್ಲಿ ಡೌನಿ ತೀರಿಕೊಂಡರು.

ಮೂರನೆಯದು ಮಾಂಟ್ರಿಯಲ್ಲಿನ ಲೆನಾರ್ಡ್ ಕೋಹೆನ್ ಅವರ ‘ಯು ವಾಂಟ್ ಇಟ್ ಡಾರ್ಕರ್’. ಅವರು ರಾಕ್ ಗಾಯಕರೇ ಎಂದು ಕೇಳುವವರಿಗೆ, ಇದರ ಶೀರ್ಷಿಕೆ ಗೀತೆಗೆ 2018ರಲ್ಲಿ ಗ್ರ್ಯಾಮಿ ಸಂದದ್ದು ರಾಕ್ ವಿಭಾಗದಲ್ಲಿಯೇ ಎಂದು ನೆನಪಿಸಬಹುದು. ಬೆನ್ನುಮೂಳೆಯ ತೊಂದರೆಯಿಂದ ಎದ್ದು ಓಡಾಡಲಾಗದ ತಂದೆಗಾಗಿ ಮಗ ಆಡಮ್ ಮನೆಯ ಹಜಾರವನ್ನೇ ಧ್ವನಿಮುದ್ರಣದ ಕೋಣೆಯಾಗಿಸಿದರು; ತಂದೆ ರೋಗಿಗಳ ಕುರ್ಚಿಯಲ್ಲಿ ಕುಳಿತು ಹಾಡಿದರು. ಅಕ್ಟೋಬರ್ 21ಕ್ಕೆ ಆಲ್ಬಮ್ ಬಂದಿತು. ನವೆಂಬರ್ 7ಕ್ಕೆ, 82ನೆಯ ವಯಸ್ಸಿನಲ್ಲಿ, ಕೋಹೆನ್ ಇಲ್ಲವಾದರು.

ನಾಲ್ಕನೆಯದು ಆಸ್ಟ್ರೇಲಿಯಾ ಮೂಲದ ನಿಕ್ ಕೇವ್ ಅವರ ‘ಸ್ಕೆಲಿಟನ್ ಟ್ರೀ’. 2015ರಲ್ಲಿ ಅವರ ಹದಿನೈದು ವರ್ಷದ ಮಗ ಇಂಗ್ಲೆಂಡಿನ ಬ್ರೈಟನ್ ಬಳಿ ಕಡಿದಾದ ಬಂಡೆಯಿಂದ ಬಿದ್ದು ತೀರಿಕೊಂಡನು. ಅನೇಕ ಹಾಡುಗಳು ಅದಕ್ಕೆ ಮೊದಲೇ ಆರಂಭವಾಗಿದ್ದರೂ, ದುಃಖದ ನೆರಳು ಇಡೀ ಆಲ್ಬಮ್ಮಿನ ಮೇಲಿದೆ. ಪತ್ರಕರ್ತರ ಪ್ರಶ್ನೆಗಳಿಗೆ ಒಬ್ಬೊಬ್ಬರೆದುರೂ ಉತ್ತರಿಸುವ ಬದಲು, ಕೇವ್ ನಿರ್ದೇಶಕ ಆಂಡ್ರ್ಯೂ ಡೊಮಿನಿಕ್ ಅವರ ಸಾಕ್ಷ್ಯಚಿತ್ರದಲ್ಲಿ ತಮಗೆ ಹೇಳಬೇಕೆನಿಸಿದಷ್ಟನ್ನು ಹೇಳಿದರು.

ಒಬ್ಬರು ಮುಚ್ಚಿಟ್ಟರು, ಒಬ್ಬರು ಸಾರಿ ಹೇಳಿದರು, ಒಬ್ಬರು ಹಾಡಿನಲ್ಲೇ ವಿದಾಯ ಸೂಚಿಸಿದರು, ಒಬ್ಬರು ಅಳೆದು ತೂಗಿ ಮಾತಾಡಿದರು. ದಾರಿಗಳು ನಾಲ್ಕಾದರೂ ತೀರ್ಮಾನ ಮಾಡಿದವರು ನೋವುಂಡವರೇ. ನನ್ನ ವಾದವಿರುವುದು ಇಲ್ಲಿಯೇ.

ನಮ್ಮ ಕುಟುಂಬಗಳಲ್ಲಿ ಈ ತೀರ್ಮಾನ ಬಹುಮಟ್ಟಿಗೆ ಬೇರೆಯವರದು. “ಅಮ್ಮನಿಗೆ ಹೇಳಬೇಡಿ ಡಾಕ್ಟ್ರೇ, ಬರೀ ಹುಣ್ಣು ಎನ್ನಿ” ಎಂಬ ಕೋರಿಕೆ ಕೇಳದ ಕನ್ನಡಿಗ ವೈದ್ಯರು ವಿರಳ. ಊರಿನಲ್ಲಿ ಅಣ್ಣ, ಇಲ್ಲಿ ತಂಗಿ, ನಡುವೆ ವಾಟ್ಸ್ಆ್ಯಪ್ಪಿನಲ್ಲಿ ಓಡಾಡುವ ವರದಿಗಳು. ಕಾಯಿಲೆ ಯಾರದೋ ಅವರೊಬ್ಬರಿಗೆ ಮಾತ್ರ ಸುದ್ದಿಯಿಲ್ಲ. ಇದರ ಹಿಂದಿರುವುದು ಪ್ರೀತಿಯೇ. ತಿಳಿದರೆ ಧೈರ್ಯಗೆಡುತ್ತಾರೆ ಎಂಬ ಭಯವೂ ಸುಳ್ಳಲ್ಲ. ಆದರೆ ಮಕ್ಕಳ ಮುಖ ಓದಬಲ್ಲ ತಾಯಿ ಬಹುತೇಕ ಎಲ್ಲವನ್ನೂ ಊಹಿಸಿರುತ್ತಾಳೆ. ಬಾಯಿಬಿಟ್ಟು ಕೇಳಲು ಅವಳಿಗೆ ಅವಕಾಶವಿರುವುದಿಲ್ಲ, ಅಷ್ಟೆ. ಬಿಡಿಸಬೇಕಾದ ಗಂಟು, ನೋಡಬೇಕಾದ ಮುಖ, ಹಂಚಬೇಕಾದ ಒಡವೆ ಎಲ್ಲವೂ ಹಾಗೆಯೇ ಉಳಿಯುತ್ತವೆ. ಶರಣರ ಗುಣವನ್ನು ಮರಣದಲ್ಲಿ ಕಾಣು ಎಂಬ ಗಾದೆ ನಮ್ಮದು. ಆ ಗುಣವನ್ನು ತೋರಲು ನಾವೇ ಎಡೆಗೊಡದಿದ್ದರೆ ಹೇಗೆ?

ಎಲ್ಲರಿಗೂ ಎಲ್ಲವನ್ನೂ ಹೇಳಿಬಿಡಿ ಎಂದು ನಾನು ಹೇಳುತ್ತಿಲ್ಲ. “ನನಗೇನೂ ಬೇಡ, ಮಗನಿಗೆ ಹೇಳಿ” ಎನ್ನುವ ಹಿರಿಯರಿದ್ದಾರೆ. ಅದೂ ಅವರದೇ ತೀರ್ಮಾನ, ಅದನ್ನು ಗೌರವಿಸಬೇಕು. ಕೇಳದೆಯೇ ಅವರ ಪರವಾಗಿ ನಿರ್ಧರಿಸುವುದಷ್ಟೇ ಸಲ್ಲದು. ಗುಣವಾಗುವ ಆಸೆ ಉಳಿಯದಾಗ ಜೀವರಕ್ಷಕ ಯಂತ್ರಗಳು ಬೇಕೋ ಬೇಡವೋ ಎಂಬುದನ್ನು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಭಾರತದ ಸರ್ವೋಚ್ಚ ನ್ಯಾಯಾಲಯವೂ 2018ರಲ್ಲಿ ಮಾನ್ಯ ಮಾಡಿದೆ.

ಮುಂದಿನ ಬಾರಿ ಊರಿಗೆ ಹೋದಾಗ, ತಂದೆತಾಯಿ ಆರೋಗ್ಯದಿಂದಿರುವಾಗಲೇ, ಎರಡು ಪ್ರಶ್ನೆಗಳನ್ನು ಕೇಳಿ: “ದೊಡ್ಡ ಕಾಯಿಲೆ ಬಂದರೆ ನಿಮಗೆ ಎಷ್ಟು ತಿಳಿಸಬೇಕು? ನೀವು ಹೇಳಲಾಗದಿದ್ದಾಗ ನಿಮ್ಮ ಪರವಾಗಿ ಯಾರು ಮಾತಾಡಬೇಕು?” ಹೊರಡುವ ಮುನ್ನ, ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ ಅವರೊಡನೆ ಕುಳಿತು ಈ ಆಲ್ಬಮ್‌ಗಳನ್ನು ಕೇಳಿ. ಕೋಹೆನ್ ಅವರಿಂದ ಆರಂಭಿಸುವುದು ಸುಲಭ. ಅವರ ಮಾತು ನಿಧಾನ, ಪದಗಳು ಸ್ಪಷ್ಟ. ಅಜ್ಜಿತಾತಂದಿರ ಬಗ್ಗೆ ಮಕ್ಕಳು ಏನಾದರೂ ಕೇಳಿದರೆ, ಮಾತು ಮರೆಸಬೇಡಿ.