ಮಡಿಲೇ ಭದ್ರವೆಂಬ ಭ್ರಮೆ

ಬೇಸಿಗೆ ರಜೆ ಬಂತೆಂದರೆ ನಮ್ಮ ಕಾಸರಗೋಡಿನ ಅನೇಕ ಕುಟುಂಬಗಳು ಮೈಸೂರು, ಬಂಡೀಪುರದ ದಾರಿಯಾಗಿ ಉದಕಮಂಡಲಕ್ಕೆ ಹೊರಡುವುದುಂಟು. ನಾವೂ ಒಮ್ಮೆ ಬಾಡಿಗೆ ಕಾರಿನಲ್ಲಿ ಹೊರಟಿದ್ದೆವು. ತೆಪ್ಪಕಾಡು ಕಳೆದು ಮಸಿನಗುಡಿ ಸಮೀಪಿಸುವಾಗ ಜಿಂಕೆಯೊಂದು ರಸ್ತೆಗೆ ಹಾರಿತು. ಚಾಲಕ ಬ್ರೇಕು ಒತ್ತಿದ. ಮುಂದಿನ ಸೀಟಿನಲ್ಲಿ ತಾಯಿಯ ಮಡಿಲಲ್ಲಿದ್ದ ಕೂಸು ಕೈಜಾರಿ ಮುಂದಕ್ಕೆ ಬಡಿಯಿತು. ಗಲ್ಲಕ್ಕೆ ಮೂರು ಹೊಲಿಗೆ. ಹಿಂದಿನ ಬೆಲ್ಟುಗಳು ಸೀಟಿನ ಕವರಿನಡಿ ಹುದುಗಿದ್ದವು, ನಾವೂ ಕೇಳಿರಲಿಲ್ಲ.

ತಾಯಿಯ ಹಿಡಿತ ಸಾಲದೆ? ಸಾಲದು. ಗಂಟೆಗೆ 40 ಕಿ.ಮೀ. ವೇಗದ ಕಾರು ಡಿಕ್ಕಿಯಾಗಿ ಸೆಕೆಂಡಿನ ಹತ್ತರಲ್ಲೊಂದಂಶದಲ್ಲಿ ನಿಂತರೆ, 10 ಕಿಲೋದ ಮಗುವನ್ನು ತಡೆಯಲು 100 ಕಿಲೋ ಎತ್ತುವಷ್ಟು ಬಲ ಬೇಕು. ಇಬ್ಬರಿಗೂ ಒಂದೇ ಬೆಲ್ಟು ಬಿಗಿದರೆ ತಾಯಿಯ ಭಾರವೇ ಮಗುವನ್ನು ಅರೆದೀತು.

14 ವರ್ಷ ತುಂಬದವರನ್ನು ಬೆಲ್ಟು ಯಾ ಮಕ್ಕಳ ಆಸನದಲ್ಲಿ ಭದ್ರಪಡಿಸದಿದ್ದರೆ 1,000 ರೂ. ದಂಡವೆಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ಹೇಳಿದೆ. ದಂಡದ ಭಯಕ್ಕಲ್ಲ, ಮಕ್ಕಳಿಗಾಗಿ ಇದನ್ನು ಪಾಲಿಸಬೇಕು. ಕೂಸುಗಳಿಗೆ ಹಿಂದಿನ ಸೀಟಿನಲ್ಲಿ ಹಿಮ್ಮುಖವಾದ ಆಸನವೇ ಯೋಗ್ಯ. ಗಾಳಿಚೀಲವಿರುವ ಮುಂದಿನ ಸೀಟಿನಲ್ಲಿ ಅದನ್ನು ಇಡಲೇ ಕೂಡದು. ದೊಡ್ಡವರ ಬೆಲ್ಟು ಕುತ್ತಿಗೆಗೆ ತಾಗದೆ ಹೆಗಲ ಮೇಲೆ, ಹೊಟ್ಟೆಯ ಬದಲು ಸೊಂಟದ ಎಲುಬಿನ ಮೇಲೆ ಕೂರುವಷ್ಟು ಮಗು ಎತ್ತರವಾಗುವವರೆಗೆ ಎತ್ತರಿಸಿದ ಆಸನ ಬೇಕು.

ಬೆಲೆ ದುಬಾರಿ ಎನ್ನುವವರಿದ್ದಾರೆ. ಅಪಘಾತ ಕಾಣದ ಆಸನ, ಒಂದು ಕೂಸು ಬೆಳೆದ ಮೇಲೆ ನೆಂಟರ ಕೂಸಿಗಾದೀತಲ್ಲ! ಕಾರು ಗೊತ್ತುಮಾಡುವಾಗ ಬಾಡಿಗೆಯ ಚರ್ಚೆಗೆ ಮೊದಲು ಬೆಲ್ಟಿನ ಮಾತೆತ್ತೋಣ. ಮಸಿನಗುಡಿಯಾಚೆ ಕಲ್ಹಟ್ಟಿ ಘಾಟಿಯ 36 ತಿರುವುಗಳಿವೆ. ಅಲ್ಲಿ ಅಕ್ಕರೆಯೊಂದೇ ಮಗುವನ್ನು ಕಾಯದು.